ಪಕ್ಕದ ಮನೆಯ ನೆಟ್ಟು, ನಮ್ಮ ಮನೆಯ ಈರುಳ್ಳಿ

ನಮ್ಮ ಮನೆಯಲ್ಲಿ ಗ್ಯಾಸ್ ಮುಗಿದರೆ ಹೆಂಡತಿಯೊಬ್ಬಳೇ ಗಾಬರಿಯಾಗುತ್ತಾಳೆ. ನೀರು ನಿಂತರೆ ನಾನೊಬ್ಬನೇ ಗಾಬರಿಯಾಗುತ್ತೇನೆ (ಬಕೆಟ್ ಹೊರುವವನು ನಾನೇ ಆದ್ದರಿಂದ). ಆದರೆ ಇಂಟರ್ನೆಟ್ ನಿಂತರೆ ಸಾಕು, ಅತ್ತೆ ತಮ್ಮ ರೂಮಿನಿಂದ, ಮಗಳು ತನ್ನ ರೂಮಿನಿಂದ, ಹೆಂಡತಿ ಅಡುಗೆಮನೆಯಿಂದ ಒಟ್ಟಿಗೆ ಹಜಾರಕ್ಕೆ ಧಾವಿಸಿ ನನ್ನ ಮುಖ ನೋಡುತ್ತಾರೆ. ನಾನೇ ಅದನ್ನು ಎಲ್ಲೋ ಬಚ್ಚಿಟ್ಟಿರುವ ಹಾಗೆ. ಮನೆಯವರೆಲ್ಲ ನನ್ನ ಮುಖವನ್ನು ಇಷ್ಟು ಗಮನವಿಟ್ಟು ನೋಡುವುದು ಆಗ ಮಾತ್ರ.

ಹೀಗಿರುವಾಗ ಒಂದು ದಿನ ನೆಟ್ ಕಂಪನಿಯವರು ದರ ಏರಿಸಿದರು. 'ನಿಮ್ಮ ಅನುಕೂಲಕ್ಕಾಗಿ' ಎಂದು ಬೇರೆ ಬರೆದಿದ್ದರು. ದರ ಏರುವುದರಲ್ಲಿ ನನಗೆಂಥ ಅನುಕೂಲ ಎಂದು ಕೇಳೋಣವೆಂದು ಫೋನ್ ಮಾಡಿದೆ. ಒಂದು ಹೆಣ್ಣುಧ್ವನಿ ನನ್ನ ಕರೆ ಅವರಿಗೆ ಬಹಳ ಅಮೂಲ್ಯವೆಂದು ಹೇಳಿತು. ಅಮೂಲ್ಯವಾದದ್ದನ್ನು ಯಾರು ತಾನೆ ಬೇಗ ಖರ್ಚು ಮಾಡುತ್ತಾರೆ? ಹಾಗೇ ಕಾಯಿಸಿಟ್ಟುಕೊಂಡರು. ಸಂಗೀತ ಕೇಳುತ್ತ ಕೇಳುತ್ತ ನನ್ನ ತಲೆಯಲ್ಲಿ ಮಹತ್ತಾದ ಯೋಜನೆಯೊಂದು ಉದಯಿಸಿತು.

ನಾನು ಕನ್ನಡಕದ ಅಂಗಡಿಯವನು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಸಣ್ಣ ಅಕ್ಷರ ಓದಿಸುವುದು ನನ್ನ ಕಸುಬು. ಊರಿನ ಕಣ್ಣಿಗೆಲ್ಲ ನಂಬರು ಕೊಡುವವನಿಗೆ ತನ್ನ ಮೂಗಿನ ಕೆಳಗಿನದು ಕಾಣುತ್ತದೆಯೇ ಎಂಬ ಪ್ರಶ್ನೆಯನ್ನು ಈಗಲೇ ಎತ್ತಬೇಡಿ. ಅದಕ್ಕೇ ಬರುತ್ತಿದ್ದೇನೆ.

ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಪಕ್ಕದಲ್ಲಿರುವವರು ವಿದ್ಯುತ್ ಇಲಾಖೆಯಲ್ಲಿ ಜೀವಮಾನವಿಡೀ ಮನೆಮನೆಯ ಮೀಟರ್ ಓದಿ ನಿವೃತ್ತರಾದ ಬ್ರಹ್ಮಚಾರಿ. ಮನೆಯೊಳಗೆ ನಾವು ಅವರನ್ನು ಮೀಟರ್ ಮಾವ ಎನ್ನುತ್ತೇವೆ. ಅವರ ಮನೆಯಲ್ಲೂ ಇಂಟರ್ನೆಟ್ ಇತ್ತು. ಬೆನ್ನುನೋವಿನ ವ್ಯಾಯಾಮ ನೋಡಲು ಹಾಕಿಸಿಕೊಂಡದ್ದು. ಒಂದು ಬೆನ್ನಿಗೆ ಅಷ್ಟೊಂದು ನೆಟ್ ಯಾಕೆ? ನಮ್ಮದನ್ನು ತೆಗೆಸಿಹಾಕುವುದು, ಅವರದರಲ್ಲಿ ಪಾಲು ತೆಗೆದುಕೊಳ್ಳುವುದು, ಬಿಲ್ಲು ಅರ್ಧ ಅರ್ಧ. ಇದೇ ನನ್ನ ಯೋಜನೆ.

ಮೀಟರ್ ಮಾವ ನನ್ನ ಮಾತು ಮುಗಿಯುವ ಮೊದಲೇ ಒಪ್ಪಿದರು. ನಾನು ಅವರ ಷರತ್ತುಗಳನ್ನು ಕೇಳುವ ಮೊದಲೇ ಒಪ್ಪಿದೆ. ಆಮೇಲೆ ಅವರು ನಿಧಾನವಾಗಿ ಹೇಳಿದರು: "ನೋಡಿ ಕನ್ನಡಕದವರೇ, ನಾನು ಹೊರಗೆ ಹೋಗೋವಾಗ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗೋನು. ಮಧ್ಯಾಹ್ನ ಮಲಗೋವಾಗಲೂ ಅಷ್ಟೆ. ರಾತ್ರಿ ಊಟ ಆದ್ಮೇಲಂತೂ ಕೇಳ್ಲೇಬೇಡಿ. ಸುಮ್‌ಸುಮ್ನೆ ಉರಿಯೋ ದೀಪ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಜನ ಹೇಗೆ ಕರೆಂಟ್ ಪೋಲು ಮಾಡ್ತಾರೆ ಅಂತ ಎಷ್ಟು ಮನೆ ನೋಡಿದ್ದೀನಿ ನಾನು."

ಅಂದರೆ ಅವರು ಮನೆಯಲ್ಲಿದ್ದು, ಎಚ್ಚರವಾಗಿದ್ದು, ಅವರ ಬೆನ್ನೂ ನೋಯುತ್ತಿದ್ದರೆ ನಮಗೆ ಇಂಟರ್ನೆಟ್. ಒಪ್ಪಿಯಾಗಿತ್ತು. ಗಂಡಸಿನ ಮಾತು ಒಂದೇ ಎಂಬ ಗಾದೆ ಇಂಥ ಕಡೆಯಲ್ಲೇ ನೆನಪಿಗೆ ಬರುವುದು. ಮುಂಗಡವಾಗಿ ಒಂದು ವರ್ಷದ ಪಾಲು ಕೊಟ್ಟು ಮನೆಗೆ ಬಂದೆ. ಬಂದವನೇ ನನ್ನ ಮೊಬೈಲಿನ ಡೇಟಾ ಪ್ಯಾಕನ್ನೂ ನಿಲ್ಲಿಸಿಬಿಟ್ಟೆ. ನನ್ನ ಅಂಗಡಿ ಇರುವುದು ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ. ಅಲ್ಲಿ ಸಿಗ್ನಲ್ ಎಂಬುದು ಮೊದಲಿಂದಲೂ ಇಲ್ಲ. ಮನೆಯಲ್ಲಿ ನೆಟ್ ಇದೆ. ನಡುವೆ ಪ್ಯಾಕ್ ಯಾಕೆ ಬೇಕು?

ಹೆಂಡತಿ ಎಲ್ಲವನ್ನೂ ಕೇಳಿ, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಅವಳು ಸೌಟು ಕೆಳಗಿಟ್ಟು ಮಾತಾಡಿದರೆ ವಿಷಯ ಗಂಭೀರ.

"ನನ್ನ ಇಂಟರ್ವ್ಯೂ ಬರ್ತಾ ಇದೆ ಅಂತ ಗೊತ್ತಿದೆ ತಾನೆ?"

ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮಗಳು ಹುಟ್ಟಿದಾಗ ಬಿಟ್ಟಳು. ಈಗ ಮಗಳು ಕಾಲೇಜಿಗೆ ಬಂದ ಮೇಲೆ, ದೊಡ್ಡ ಲ್ಯಾಬೊಂದರಿಂದ ಅವಳಿಗೆ ಕರೆ ಬಂದಿತ್ತು. ಇಂಟರ್ವ್ಯೂ ಕಂಪ್ಯೂಟರಿನಲ್ಲೇ, ವಿಡಿಯೊದಲ್ಲಿ. ಕೆಲವು ವಾರಗಳಿಂದ ಅವಳು ಹಳೆಯ ಪುಸ್ತಕ ತೆಗೆದು ಓದುತ್ತಿದ್ದಳು. ಒಗ್ಗರಣೆ ಹಾಕುತ್ತ ರಕ್ತಕಣಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಇಷ್ಟು ವರ್ಷ ಮನೆಯಲ್ಲಿ ಕೂತವಳನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಒಮ್ಮೊಮ್ಮೆ ತಾನೇ ಹೇಳಿಕೊಂಡು ಮತ್ತೆ ಪುಸ್ತಕ ತೆರೆಯುತ್ತಿದ್ದಳು. ಅವಳಿಗೆ ಅದು ಆಟವಾಗಿರಲಿಲ್ಲ.

"ಅದರ ಚಿಂತೆ ನನಗೆ ಬಿಡು," ಎಂದೆ.

"ನಿಮಗೆ ಬಿಟ್ಟಿದ್ದಕ್ಕೇ ಚಿಂತೆ," ಎಂದು ಅವಳು ಸೌಟು ಎತ್ತಿಕೊಂಡಳು.

ಮೊದಲ ಎರಡು ದಿನ ಸ್ವಲ್ಪ ತಾಪತ್ರಯವಾಯಿತು, ಒಪ್ಪುತ್ತೇನೆ. ಪಕ್ಕದ ಮನೆಯ ನೆಟ್ಟು ಗೋಡೆ ತೂರಿ ಬಂದು ತಲುಪುತ್ತಿದ್ದದ್ದು ನಮ್ಮ ಮನೆಯ ಒಂದೇ ಜಾಗಕ್ಕೆ, ಹಿಂದಿನ ಪ್ಯಾಸೇಜಿನಲ್ಲಿ ವಾಷಿಂಗ್ ಮೆಷಿನ್ ಇರುವಲ್ಲಿಗೆ. ಅತ್ತೆ ಅಲ್ಲಿಗೇ ಸ್ಟೂಲು ತರಿಸಿಕೊಂಡು ಸೀರಿಯಲ್ ನೋಡಲು ಕೂತರು. ಮಗಳು ಮೆಷಿನ್ನಿನ ಮೇಲೆಯೇ ಹತ್ತಿ ಕೂತಳು. ಹೆಂಡತಿ ಒಗೆಯುವ ಬಟ್ಟೆಯ ರಾಶಿ ಹಿಡಿದು, ಇವರಿಬ್ಬರೂ ಏಳಲೆಂದು ಕಾದಳು. ಸೀರಿಯಲ್ಲಿನ ನಾಯಕಿ ಬಾಗಿಲು ತೆರೆದು ಒಳಗೆ ಯಾರನ್ನೋ ನೋಡಿ ಬೆಚ್ಚಿಬೀಳುವ ಹೊತ್ತಿಗೆ ಸರಿಯಾಗಿ ಮೀಟರ್ ಮಾವ ನಿದ್ದೆಗೆ ಹೋದರು.

"ಅಳಿಯಂದ್ರೇ, ಒಳಗಿದ್ದದ್ದು ಯಾರು?" ಎಂದು ಅತ್ತೆ ನನ್ನನ್ನೇ ಕೇಳಿದರು.

"ನನಗೇನು ಗೊತ್ತು ಅತ್ತೆ."

"ನಿಮಗೆ ಗೊತ್ತಿಲ್ಲದ್ದಕ್ಕೇ ನಾವು ಇಲ್ಲಿ ಸಾಬೂನಿನ ವಾಸನೆ ಕುಡೀತಾ ಕೂತಿರೋದು."

ಆದರೆ ಮೂರನೆಯ ದಿನ ನಾನು ಅಂಗಡಿಯಿಂದ ಬಂದಾಗ ಪ್ಯಾಸೇಜು ಖಾಲಿ. ಅತ್ತೆ ತಮ್ಮ ರೂಮಿನಲ್ಲೇ ಮಲಗಿಕೊಂಡು ಸೀರಿಯಲ್ ನೋಡಿ ನಗುತ್ತಿದ್ದರು. ಮಗಳು ತನ್ನ ರೂಮಿನಲ್ಲಿ ಗೆಳತಿಯ ಜತೆ ವಿಡಿಯೊದಲ್ಲಿ ಹರಟುತ್ತಿದ್ದಳು. ಮೆಷಿನ್ನು ತನ್ನ ಪಾಡಿಗೆ ಬಟ್ಟೆ ಒಗೆಯುತ್ತಿತ್ತು. ನನಗೆ ಅರ್ಥವಾಗಿಹೋಯಿತು. ಹೊಸ ಸೊಸೆ ಮೊದಲೆರಡು ದಿನ ಮೂಲೆ ಹಿಡಿದು ನಿಂತು, ಆಮೇಲೆ ಮನೆಯ ತುಂಬ ಓಡಾಡುವುದಿಲ್ಲವೇ? ಹಾಗೆಯೇ ಸಿಗ್ನಲ್ಲೂ ನಮ್ಮ ಮನೆಗೆ ಹೊಂದಿಕೊಂಡಿದೆ.

ನನ್ನ ಫೋನಿಗೊಂದು ಮಾತ್ರ ಅದು ಹೊಂದಿಕೊಳ್ಳಲಿಲ್ಲ. ನಾನು ಈಗಲೂ ಮೆಷಿನ್ನಿಗೆ ಆತುಕೊಂಡು ನಿಂತರೇ ನಾಲ್ಕು ಅಕ್ಷರ ಬರುತ್ತಿದ್ದವು. ಫೋನು ಹಳೆಯದು, ಪಾಪ, ಎಂದುಕೊಂಡೆ. ಯಜಮಾನನಾದವನು ಇಷ್ಟು ತ್ಯಾಗ ಮಾಡದಿದ್ದರೆ ಹೇಗೆ?

"ನೋಡಿದ್ರಾ ನನ್ನ ಪ್ಲಾನು?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದೆ. "ಅರ್ಧ ದುಡ್ಡಲ್ಲಿ ಇಡೀ ಮನೆಗೆ ನೆಟ್ಟು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮೆಚ್ಚುಗೆ ಎಂದು ನಾನು ತಿಳಿದೆ. "ಹೌದು, ಎಲ್ಲರಿಗೂ ಆರಾಮಾಗಿದೆ," ಎನ್ನುತ್ತಿದ್ದಳು ಹೆಂಡತಿ, ಬಹಳ ಮೃದುವಾಗಿ. ಅವಳು ಅಷ್ಟು ಮೃದುವಾಗಿ ಮಾತಾಡಿದಾಗ ಎಚ್ಚರವಾಗಬೇಕಿತ್ತು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಆ ದಿನಗಳಲ್ಲೇ ಹಜಾರದ ಬೀರುವಿನ ಮೇಲೆ ಹಸಿರು ದೀಪ ಮಿಣುಕುವ ಬಿಳಿಯ ಡಬ್ಬಿಯೊಂದು ಬಂದು ಕೂತಿತ್ತು. ಅತ್ತೆ ಸೊಳ್ಳೆಕಾಟ ಎಂದು ಗೊಣಗುತ್ತಿದ್ದರಲ್ಲ, ಹೆಂಡತಿ ಸೊಳ್ಳೆ ಓಡಿಸುವ ಯಂತ್ರ ತಂದಿದ್ದಾಳೆ ಎಂದು ನಾನು ಕೇಳದೆಯೇ ತಿಳಿದುಕೊಂಡೆ. ಸೊಳ್ಳೆಯೂ ಕಡಿಮೆಯಾದ ಹಾಗೆ ಕಂಡಿತು. ಬಾಲ್ಕನಿ ಕೂಡ ಯಾಕೋ ವಿಶಾಲವಾಗಿ ಕಾಣುತ್ತಿತ್ತು. ಮನಸ್ಸು ನಿರಾಳವಾಗಿದ್ದರೆ ಮನೆಯೇ ದೊಡ್ಡದಾಗಿ ಕಾಣುತ್ತದೆ ಎಂದು ಅದಕ್ಕೂ ಒಂದು ವೇದಾಂತ ಹುಡುಕಿದೆ.

ಇನ್ನು ಈರುಳ್ಳಿಯ ವಿಷಯ. ನನ್ನ ಹೆಂಡತಿ ಫೋನಿನಲ್ಲಿ ಬರೆಯುವವಳಲ್ಲ. ಹೇಳಬೇಕಾದ್ದನ್ನೆಲ್ಲ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಸಂಜೆ ಬಂದು ಮೆಷಿನ್ನಿನ ಪಕ್ಕ ನಿಂತರೆ, ಅವಳ ವಾಯ್ಸ್ ಮೆಸೇಜ್ ಬಂದಿದೆ ಎಂದಷ್ಟೇ ತೋರಿಸುತ್ತಿತ್ತು. ಒತ್ತಿದರೆ ಒಂದು ಚಕ್ರ ತಿರುಗುತ್ತಿತ್ತು. ತಿರುಗುತ್ತಲೇ ಇರುತ್ತಿತ್ತು. ಅಷ್ಟರಲ್ಲಿ ಮೀಟರ್ ಮಾವನ ಊಟ ಆಗಿಬಿಡುತ್ತಿತ್ತು. ನಿಜ ಹೇಳಬೇಕೆಂದರೆ, ಕಾದು ಕೂತು ಕೇಳುವ ಉತ್ಸಾಹವೂ ನನಗೆ ಅಷ್ಟಾಗಿ ಇರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಏನು ಹೇಳಿಯಾಳು ಎಂದು ಕೇಳದೆಯೇ ಗೊತ್ತಾಗುವುದಿಲ್ಲವೇ? ಅವಳು ಏನೇ ತರಲು ಹೇಳಿದರೂ ಅದರಲ್ಲಿ ಈರುಳ್ಳಿ ಇದ್ದೇ ಇರುತ್ತದೆ. ಹಾಗಾಗಿ ಮೆಸೇಜ್ ಕಂಡ ದಿನವೆಲ್ಲ ಮತ್ತೆ ಚಪ್ಪಲಿ ಮೆಟ್ಟಿ ಬೀದಿ ಕೊನೆಯ ಅಂಗಡಿಗೆ ಹೋಗಿ ಈರುಳ್ಳಿ ತಂದೆ. ಅಡುಗೆಮನೆಯ ಬುಟ್ಟಿ ತುಂಬಿತು. ಬುಟ್ಟಿಯ ಪಕ್ಕ ಬಕೆಟ್ ತುಂಬಿತು. ಅತ್ತೆಯ ಮಂಚದ ಕೆಳಗೂ ಸೇರಿತು.

"ಇವರಿಗೆ ಏನಾಗಿದೆ?" ಎಂದು ಅತ್ತೆ ತಮ್ಮ ಮಗಳನ್ನು ಪಿಸುಮಾತಿನಲ್ಲಿ ಕೇಳಿದ್ದು ಒಮ್ಮೆ ನನ್ನ ಕಿವಿಗೂ ಬಿತ್ತು.

"ಬಿಡಮ್ಮಾ. ಮನಸ್ಸಲ್ಲಿ ಏನೋ ಬೇಜಾರಿರುತ್ತೆ, ಹಿಂಗೆ ತೀರಿಸ್ಕೋತಾರೆ," ಎಂದಳು ಹೆಂಡತಿ. ಯಾರ ಬೇಜಾರಿನ ಬಗ್ಗೆ ಮಾತಾಡುತ್ತಿದ್ದಾರೋ, ಹೆಂಗಸರ ವಿಷಯ ನಮಗ್ಯಾಕೆ ಎಂದು ನಾನು ಮುಂದೆ ಹೋದೆ.

ಇಂಟರ್ವ್ಯೂ ದಿನ ಬಂತು. ಬೆಳಗ್ಗೆ ಹನ್ನೊಂದಕ್ಕೆ. ನನಗೆ ಮಾತ್ರ ಗೊತ್ತಿದ್ದ ಅಪಾಯವೆಂದರೆ, ಹನ್ನೊಂದಕ್ಕೆ ಸರಿಯಾಗಿ ಮೀಟರ್ ಮಾವ ಚೀಲ ಹಿಡಿದು ವಾಯುವಿಹಾರಕ್ಕೆ ಹೊರಡುತ್ತಾರೆ. ಹೊರಡುವ ಮೊದಲು ಮೇನ್ ಸ್ವಿಚ್ ಆಫ್. ಹೆಂಡತಿಯ ಭವಿಷ್ಯ ಆ ಮುದುಕರ ತೋರುಬೆರಳಿನ ತುದಿಯಲ್ಲಿ ತೂಗಾಡುತ್ತಿತ್ತು. ನಾನು ಅಂಗಡಿಗೆ ರಜೆ ಹಾಕಿದೆ. ಏನೇ ಆಗಲಿ, ಅವರನ್ನು ಮನೆಯಿಂದ ಹೊರಗೆ ಕಾಲಿಡದಂತೆ ಹಿಡಿದು ಕೂರಿಸುವುದೆಂದು ಸಂಕಲ್ಪ ಮಾಡಿದೆ. ಹೆಂಡತಿಗೆ ಹೇಳಿ ಅವಳ ಗಾಬರಿ ಹೆಚ್ಚಿಸಲಿಲ್ಲ. ವೀರರು ಮೊದಲೇ ಹೇಳಿಕೊಂಡು ತಿರುಗುವುದಿಲ್ಲ.

ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಂಪ್ಯೂಟರಿನ ಮುಂದೆ ಕೂತು ಕೈ ಉಜ್ಜಿಕೊಳ್ಳುತ್ತಿದ್ದಳು. ಮುಖ ಬಿಳಿಚಿತ್ತು.

"ನಿನ್ನೆ ವಾಯ್ಸ್ ಮೆಸೇಜಲ್ಲಿ ಹೇಳಿದ್ದು ಕೇಳಿದ್ರಿ ತಾನೆ?" ಎಂದಳು.

"ಕೇಳ್ದೆ, ಕೇಳ್ದೆ. ಎಲ್ಲ ವ್ಯವಸ್ಥೆ ಆಗಿದೆ. ನೀನು ನಿಶ್ಚಿಂತೆಯಾಗಿ ಕೂತ್ಕೋ," ಎಂದೆ. (ಈರುಳ್ಳಿ ಹಿಂದಿನ ಸಂಜೆಯೇ ತಂದಾಗಿತ್ತು.)

ಅವಳ ಮುಖ ಸ್ವಲ್ಪ ಅರಳಿತು. "ಹಾಗಾದ್ರೆ ಧೈರ್ಯ," ಎಂದು ಕಂಪ್ಯೂಟರಿನ ಕಡೆ ತಿರುಗಿದಳು. ನಾನು ಅವಳ ರೂಮಿನ ಬಾಗಿಲು ಮುಂದೆ ಮಾಡಿ ಪಕ್ಕದ ಮನೆಗೆ ಓಡಿದೆ.

ಮೀಟರ್ ಮಾವ ಶೂ ಹಾಕಿಕೊಂಡು, ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈಯನ್ನು ಮೇನ್ ಸ್ವಿಚ್ಚಿನ ಕಡೆ ಎತ್ತಿದ್ದರು.

"ಸರ್, ಒಂದು ನಿಮಿಷ," ಎಂದೆ ಏದುಸಿರು ಬಿಡುತ್ತ. "ನೀವು ಸರ್ವಿಸಲ್ಲಿದ್ದಾಗ ನಿಮ್ಮನ್ನ ನಾಯಿ ಅಟ್ಟಿಸ್ಕೊಂಡು ಬಂದಿತ್ತಂತಲ್ಲ."

ಅವರ ಕೈ ಗಾಳಿಯಲ್ಲೇ ನಿಂತಿತು. "ಯಾವ ನಾಯಿ?"

"ಯಾವುದಾದ್ರೂ ಸರಿ ಸರ್."

ಅವರು ಚೀಲ ಕೆಳಗಿಟ್ಟರು. ಕಣ್ಣು ತೇವವಾಯಿತೋ ಏನೋ. "ಕನ್ನಡಕದವರೇ, ಇಷ್ಟು ವರ್ಷದಲ್ಲಿ ಇದನ್ನ ಒಬ್ಬರೂ ಕೇಳ್ಲಿಲ್ಲ. ಬಿಲ್ ಯಾಕೆ ಜಾಸ್ತಿ ಬಂತು ಅಂತ ಕೇಳ್ದೋರೇ ಎಲ್ಲ. ಬನ್ನಿ, ಕೂತ್ಕೊಳ್ಳಿ," ಎಂದು ಶೂ ಬಿಚ್ಚಿದರು. ಒಳಗೆ ಹೋಗಿ ಏನೋ ಟಕ್ ಎನ್ನಿಸಿ ಬಂದರು. ಫ್ಯಾನ್ ಹಾಕಿದರೇನೋ ಅಂದುಕೊಂಡೆ. ಫ್ಯಾನು ತಿರುಗಲಿಲ್ಲ. ಇರಲಿ, ಹೆಂಡತಿಗಾಗಿ ಸ್ವಲ್ಪ ಬೆವರಿದರೆ ತಪ್ಪೇನು?

ಆಮೇಲೆ ನಾಯಿಗಳು ಬಂದವು. ಒಂದಾದ ಮೇಲೊಂದು. ಮೀಟರಿನ ಕೆಳಗೇ ಮಲಗುತ್ತಿದ್ದ ಕರಿಯ ನಾಯಿ, ಕಾಂಪೌಂಡ್ ಹಾರಿಸಿದ ಕಂದು ನಾಯಿ, ಬೊಗಳದೆಯೇ ಬಂದು ಕಚ್ಚಿದ ಕಪಟಿ ನಾಯಿ. ಪ್ರತಿಯೊಂದರ ಸ್ವಭಾವ, ವಂಶ, ಯಜಮಾನನ ಕಸುಬು, ಆ ಮನೆಯ ಬಿಲ್ಲು. ಕಪಟಿ ನಾಯಿ ಎಲ್ಲಿ ಕಚ್ಚಿತೆಂಬುದನ್ನು ಪಂಚೆ ಎತ್ತಿ ತೋರಿಸಿದರು. ನಾನು ಬಗ್ಗಿ ನೋಡಿ, ವೃತ್ತಿಯ ಅಭ್ಯಾಸದಿಂದ, "ಚೆನ್ನಾಗಿ ಕಾಣ್ತಾ ಇದೆ," ಎಂದೆ. ಕತೆ ಸ್ವಲ್ಪ ನಿಧಾನವಾದಾಗ ಅವರ ಕಣ್ಣು ಚೀಲದ ಕಡೆ ಹೊರಳುತ್ತಿತ್ತು. ಕೂಡಲೇ ನಾನು, "ಆಮೇಲೆ?" ಎನ್ನುತ್ತಿದ್ದೆ. ಒಮ್ಮೆಯಂತೂ ಎದ್ದೇಬಿಟ್ಟರು. ನನಗೆ ಬೇರೆ ದಾರಿ ಕಾಣಲಿಲ್ಲ.

"ಸರ್, ಇದನ್ನೆಲ್ಲ ಒಂದು ಪುಸ್ತಕ ಮಾಡಬೇಕು."

ಅವರು ಮತ್ತೆ ಕೂತರು. "ಯಾರು ಬರೀತಾರೆ?"

"ನಾನೇ ಬರೀತೀನಿ."

ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿತು. ಅಷ್ಟರಲ್ಲಿ ಅವರು ನನ್ನ ಎರಡೂ ಕೈ ಹಿಡಿದುಕೊಂಡಿದ್ದರು. "ಮಾತು ತಪ್ಪಬಾರದು," ಎಂದರು. ಇಲ್ಲ ಎಂದೆ. ಅಲ್ಲಿ ಹೆಂಡತಿ ಇಂಟರ್ವ್ಯೂ ಕೊಡುತ್ತಿದ್ದರೆ ಇಲ್ಲಿ ಕೆಲಸ ಸಿಕ್ಕಿದ್ದು ನನಗೆ.

ಊಟದ ಹೊತ್ತಾಯಿತು. ಇನ್ನು ಇಂಟರ್ವ್ಯೂ ಮುಗಿದಿರಲೇಬೇಕು ಎಂದು ಖಾತ್ರಿಯಾದ ಮೇಲೆ ಎದ್ದೆ. ಬೆನ್ನು ನೆಟ್ಟಗಾಗಲಿಲ್ಲ. ಆದರೂ ಎದೆಯುಬ್ಬಿಸಿ ಹೇಳಿದೆ: "ಸರ್, ನಿಮ್ಮ ನೆಟ್ಟಿಂದ ಇವತ್ತು ನಮ್ಮ ಮನೆಗೆ ದೊಡ್ಡ ಉಪಕಾರ ಆಯ್ತು."

"ನೆಟ್ಟೇ?" ಎಂದರು ಮೀಟರ್ ಮಾವ. "ಅದನ್ನ ನೀವು ಬಂದ ತಕ್ಷಣ ಆಫ್ ಮಾಡಿದ್ನಲ್ಲ. ಮನುಷ್ಯರು ಮನುಷ್ಯರು ಕೂತು ಮಾತಾಡೋವಾಗ ಅದೊಂದು ಯಾಕೆ ಸುಮ್ನೆ ಉರೀಬೇಕು? ಹೇಗೂ ನೀವೂ ಇಲ್ಲೇ ಇದ್ರಿ."

ಒಂದೇ ಚಪ್ಪಲಿ ಮೆಟ್ಟಿ ಮನೆಗೆ ಓಡಿದೆ. ಆ ನಾಲ್ಕು ಹೆಜ್ಜೆಯಲ್ಲಿ ನಾನು ಅನುಭವಿಸಿದ ಸಂಕಟ ನನಗೇ ಗೊತ್ತು. ಕಂಪ್ಯೂಟರಿನ ಮುಂದೆ ಇಸ್ತ್ರಿ ಸೀರೆಯಲ್ಲಿ ಕೂತ ಹೆಂಡತಿ, ಪರದೆಯ ಮೇಲೆ ತಿರುಗುವ ಚಕ್ರ, ಆ ಕಡೆ ಕಾದು ಕಾದು ಎದ್ದು ಹೋದ ಅಧಿಕಾರಿಗಳು, ಎಲ್ಲ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷಗಳ ಮೇಲೆ ಅವಳಿಗೆ ಬಂದ ಒಂದು ಅವಕಾಶವನ್ನು ನಾನು ಅರ್ಧ ಬಿಲ್ಲಿನ ಆಸೆಗೆ ಹಾಳು ಮಾಡಿದೆ. ಕಾಲಿಗೆ ಬೀಳುವುದೇ ಸರಿ ಎಂದು ನಿರ್ಧರಿಸಿ ಬಾಗಿಲು ತಳ್ಳಿದೆ.

ಒಳಗೆ ನಗು ಕೇಳಿಸುತ್ತಿತ್ತು. ಹೆಂಡತಿ ಸೋಫಾದಲ್ಲಿ ಕಾಲು ಮೇಲಿಟ್ಟುಕೊಂಡು ಕೂತಿದ್ದಳು. ಮಗಳು ಅವಳ ಹೆಗಲಿಗೆ ಒರಗಿದ್ದಳು. ಅತ್ತೆ ಕಾಫಿ ತಂದುಕೊಡುತ್ತಿದ್ದರು.

"ಬಹಳ ಚೆನ್ನಾಗಾಯ್ತು," ಎಂದಳು ಹೆಂಡತಿ. "ಕೇಳಿದ್ದಕ್ಕೆಲ್ಲ ಹೇಳ್ದೆ. ಎರಡನೇ ಸುತ್ತಿಗೆ ಕರೀತೀವಿ ಅಂದ್ರು." ಆಮೇಲೆ ಮುಖ ಸಣ್ಣದು ಮಾಡಿ ಕೇಳಿದಳು: "ನೀವೆಲ್ಲಿ ಹೋಗಿದ್ರಿ?"

"ಅದು ಹೇಗೆ ಆಯ್ತು?" ಎಂದೆ. "ನೆಟ್ಟೇ ಇರ್ಲಿಲ್ಲವಲ್ಲ. ಮೀಟರ್ ಮಾವ ಆಫ್ ಮಾಡಿದ್ರು."

"ಅವರು ಮಾಡಿದ್ರೆ ನಮಗೇನು?" ಎಂದಳು ಮಗಳು. "ನಮ್ಮ ನೆಟ್ ನಮ್ಮನೇಲಿದೆ."

"ಎಲ್ಲಿ?"

ಮೂವರೂ ಒಟ್ಟಿಗೆ ಬೀರುವಿನ ಮೇಲೆ ಕೈ ತೋರಿಸಿದರು. ಹಸಿರು ದೀಪ ಮಿಣುಕುತ್ತಿತ್ತು.

"ಅದು ಸೊಳ್ಳೆ ಓಡಿಸೋದಲ್ವಾ?"

ಮಗಳು ನಗುತ್ತ ನಗುತ್ತ ಸೋಫಾದಿಂದ ನೆಲಕ್ಕೆ ಜಾರಿದಳು. ಅತ್ತೆ ಕಾಫಿ ಲೋಟ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿ ಮಾತ್ರ ನಗಲಿಲ್ಲ. "ನಿಮಗೆ ಗೊತ್ತಿರ್ಲಿಲ್ವಾ? ಮೂರನೇ ದಿನವೇ ಮೆಸೇಜಲ್ಲಿ ಹೇಳಿದ್ನಲ್ಲ ನಾನು," ಎಂದಳು. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ.

ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡು ಏನೋ ಒತ್ತಿ ಮನೆಯ ನೆಟ್ಟಿಗೆ ಜೋಡಿಸಿದಳು. ವಾರಗಟ್ಟಲೆ ತಿರುಗುತ್ತಿದ್ದ ಚಕ್ರಗಳೆಲ್ಲ ಒಂದರ ಹಿಂದೊಂದು ಫಕ್ಕನೆ ನಿಂತವು. "ಆಮೇಲೆ ಒಬ್ಬನೇ ಕೇಳ್ಕೋತೀನಿ," ಎಂದೆ.

"ಇಲ್ಲೇ ಕೇಳೋಣ ಅಳಿಯಂದ್ರೇ," ಎಂದು ಅತ್ತೆ ಕುರ್ಚಿ ಎಳೆದುಕೊಂಡರು. "ನನ್ನ ಸೀರಿಯಲ್ ಇವತ್ತು ಇಲ್ಲ."

ಮೊದಲನೆಯದು ಶುರುವಾಯಿತು. ಫೋನಿನೊಳಗೆ ಹೆಂಡತಿಯ ದನಿ: "ರೀ, ಕೋಪ ಮಾಡ್ಕೋಬೇಡಿ. ಎದುರಿಗೆ ಹೇಳಿದ್ರೆ ನೀವು ಭಾಷಣ ಶುರು ಮಾಡ್ತೀರಿ, ಅದಕ್ಕೆ ಇದರಲ್ಲಿ ಹೇಳ್ತಾ ಇದೀನಿ. ಹೊಸ ಕನೆಕ್ಷನ್ ಹಾಕಿಸಿದೆ. ಬಾಲ್ಕನಿಯಲ್ಲಿ ನಿಮ್ಮ ವ್ಯಾಯಾಮದ ಸೈಕಲ್ ಇತ್ತಲ್ಲ, ನೀವು ಒಂದೇ ಒಂದು ವಾರ ತುಳಿದದ್ದು, ಅದನ್ನ ಮಾರಿದ್ದರಲ್ಲಿ ವರ್ಷದ ಬಿಲ್ ಕಳೀತು. ನಿಮಗೆ ಬೇಡ ಅನ್ನಿಸಿದ್ರೆ ಸಂಜೆ ಹೇಳಿ, ತೆಗೆಸ್ತೀನಿ. ಏನೂ ಹೇಳ್ದೇ ಇದ್ರೆ ಒಪ್ಪಿಗೆ ಅಂತ ತಿಳ್ಕೋತೀನಿ."

ನಾನು ಏನೂ ಹೇಳಿರಲಿಲ್ಲ. ಈರುಳ್ಳಿ ತಂದಿದ್ದೆ.

ಎರಡನೆಯದು: "ರೀ, ನೀವು ಬಯ್ಯದೇ ಇದ್ದದ್ದು ನೋಡಿ ಬಹಳ ಸಂತೋಷ ಆಯ್ತು. ನಿಮ್ಮ ಪ್ಲಾನ್ ಅಂತಲೇ ನೀವು ಹೇಳ್ಕೊಳ್ಳಿ, ನಾವು ಯಾರೂ ಏನೂ ಅನ್ನಲ್ಲ. ಆದ್ರೆ ಈರುಳ್ಳಿ ಯಾಕೆ ತಂದ್ರಿ?"

ಅದರ ನಂತರದ್ದು: "ರೀ, ಈರುಳ್ಳಿ ಇದೆ."

ಅದರ ನಂತರದ್ದು: "ರೀ, ಈರುಳ್ಳಿ ಬೇಡ ಅಂದೆ."

ಅದರ ನಂತರದ್ದು: "ಅಮ್ಮನ ಮಂಚದ ಕೆಳಗೆ ಮೊಳಕೆ ಬರ್ತಾ ಇದೆ ರೀ. ಕೋಪ ಇದ್ರೆ ಬಾಯಿಬಿಟ್ಟು ಹೇಳಿ. ಈರುಳ್ಳಿ ತರೋದು ನಿಲ್ಲಿಸಿ."

ಮಗಳು ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಕೊನೆಯದು ಹಿಂದಿನ ಮಧ್ಯಾಹ್ನದ್ದು. ಅದನ್ನು ಒತ್ತುವಾಗ ಹೆಂಡತಿ, "ಅದು ಬೇಡ, ಬಿಡೇ," ಎಂದು ಕೈ ಚಾಚಿದಳು. ಅಷ್ಟರಲ್ಲಿ ಶುರುವಾಗಿತ್ತು.

"ರೀ, ನಾಳೆ ನೀವು ಅಂಗಡಿಗೆ ಹೋಗ್ಬೇಡಿ. ಏನೂ ಮಾಡ್ಬೇಕಿಲ್ಲ. ರೂಮಿನ ಹೊರಗೆ ಒಂದು ಕುರ್ಚಿ ಹಾಕ್ಕೊಂಡು ಕೂತಿರಿ ಸಾಕು. ಬಾಗಿಲು ಸ್ವಲ್ಪ ತೆಗೆದಿಟ್ಟಿರ್ತೀನಿ. ನನಗೆ ಬಹಳ ಹೆದರಿಕೆ ಆಗ್ತಾ ಇದೆ. ನೀವು ಇದೀರಿ ಅಂತ ಗೊತ್ತಿದ್ರೆ ಧೈರ್ಯ."

ಯಾರೂ ನಗಲಿಲ್ಲ. ಅವಳ ಬಾಗಿಲು ಸ್ವಲ್ಪ ತೆರೆದಿತ್ತು. ಅದನ್ನು ಮುಂದೆ ಮಾಡಿ ಹೋದವನು ನಾನು. ಇಡೀ ಮನೆಯ ಮೇಲೆ ನನ್ನ ಉಪಕಾರವಿದೆ ಎಂದು ಬೀಗುತ್ತ, ಪಕ್ಕದ ಮನೆಯಲ್ಲಿ ಕೂತು, ಆರಿಸಿದ ನೆಟ್ಟನ್ನು ಕಾವಲು ಕಾಯುತ್ತಿದ್ದೆ. ನನಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು.

"ಕುರ್ಚಿ ಹೊರಗಿದೆ ಅಂದ್ಕೊಂಡೇ ಎಲ್ಲ ಹೇಳ್ದೆ ಬಿಡಿ," ಎಂದಳು ಹೆಂಡತಿ, ಕಾಫಿ ಲೋಟದೊಳಗೆ ನೋಡುತ್ತ. "ಇದೆ ಅಂದ್ಕೊಂಡಿದ್ದೇ ಸಾಕಾಯ್ತು."

ಎರಡನೆಯ ಸುತ್ತಿನ ದಿನ ನಾನು ಬೆಳಗಿನಿಂದಲೇ ಕುರ್ಚಿ ಹಾಕಿಕೊಂಡು ಬಾಗಿಲ ಹೊರಗೆ ಕೂತಿದ್ದೆ. ಮೀಟರ್ ಮಾವ ಪುಸ್ತಕದ ಎರಡನೆಯ ಅಧ್ಯಾಯಕ್ಕಾಗಿ ಕರೆದರೂ ಏಳಲಿಲ್ಲ. ಕೆಮ್ಮು ಬಂದಾಗ ಟವೆಲ್ಲಿನಲ್ಲಿ ಕೆಮ್ಮಿದೆ. ಕೆಲಸ ಅವಳಿಗೆ ಸಿಕ್ಕಿತು. ಅದರಲ್ಲಿ ಕುರ್ಚಿಯ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ನಾನು ಕೇಳಲು ಹೋಗಲಿಲ್ಲ.

ಈಗ ಅವಳು ನನಗಿಂತ ಮೊದಲೇ ಮನೆ ಬಿಡುತ್ತಾಳೆ. ನಾನು ಫೋನಿಗೆ ಮತ್ತೆ ಪ್ಯಾಕ್ ಹಾಕಿಸಿದ್ದೇನೆ. ಚಹಾದ ಹೊತ್ತಿಗೆ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬೀದಿಗೆ ಬಂದು, ಅವಳ ವಾಯ್ಸ್ ಮೆಸೇಜನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತೇನೆ. ರಸ್ತೆಯಲ್ಲಿ ನಿಂತು ಹೆಂಡತಿ ಮಾತಿಗೆ ತಲೆಯಾಡಿಸುವ ನನ್ನನ್ನು ಚಹಾ ಅಂಗಡಿಯವನು ಕನಿಕರದಿಂದ ನೋಡುತ್ತಾನೆ. ನೋಡಲಿ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಪುಸ್ತಕ ಬರೆಯಲು ನಾನು ಕೈಗೆ ಸಿಗುತ್ತಿಲ್ಲವೆಂದು ಮೀಟರ್ ಮಾವ ನಮ್ಮ ಮಗಳ ಹತ್ತಿರ ವಾಯ್ಸ್ ಮೆಸೇಜ್ ಕಳಿಸುವುದನ್ನು ಕಲಿತುಕೊಂಡರು. ಒಂದೊಂದು ನಾಯಿಗೆ ಒಂದೊಂದು ಮೆಸೇಜು. ನನ್ನ ಫೋನಿಗೆ ಈಗ ಎಂಥ ಚುರುಕು ಬಂದಿದೆಯೆಂದರೆ, ನಾನು ಬೀದಿಗೆ ಬಂದು ತಲೆ ಎತ್ತುವಷ್ಟರಲ್ಲಿ ನಾಯಿಗಳ ಹಿಂಡೇ ಬಂದು ಇಳಿದಿರುತ್ತದೆ.

ಮೊನ್ನೆ ಹಾಗೇ ಆಯಿತು. ಬಂದ ಮೆಸೇಜುಗಳೆಲ್ಲ ಸಾಲಾಗಿ ಬೊಗಳುತ್ತಿದ್ದವು. ಎಲ್ಲ ನಾಯಿಗಳೇ ಇರಬೇಕೆಂದು, ಕೇಳದೆಯೇ ತಿಳಿದುಕೊಂಡು, ಫೋನು ಜೇಬಿಗಿಟ್ಟು ಮನೆಗೆ ಬಂದೆ. ಹೆಂಡತಿ ಲ್ಯಾಬಿನಿಂದ ಆಗಷ್ಟೇ ಬಂದು, ಒಲೆಯ ಮೇಲೆ ಬಾಣಲೆಯಿಟ್ಟು, ಕೈಯಲ್ಲಿ ಚಾಕು ಹಿಡಿದು ನಿಂತಿದ್ದಳು. ಬುಟ್ಟಿ ಖಾಲಿ. ಬಕೆಟ್ ಖಾಲಿ.

"ಎಲ್ಲಿ?" ಎಂದಳು.

"ಏನು?"

"ವಾಯ್ಸ್ ಮೆಸೇಜ್ ಕಳಿಸಿದ್ನಲ್ಲ. ಮನೇಲಿ ಒಂದೂ ಈರುಳ್ಳಿ ಇಲ್ಲ, ಬರ್ತಾ ತನ್ನಿ ಅಂತ."

ನಾನು ಮೊಳೆಗೆ ನೇತುಹಾಕಿದ್ದ ಚೀಲ ತೆಗೆದುಕೊಂಡೆ. ಮಗಳು ರೂಮಿನಿಂದಲೇ ಕೂಗಿ ಕೇಳಿದಳು: "ಅಪ್ಪಾ, ನೆಟ್ ಸ್ಲೋ ಇತ್ತಾ?"

"ಇಲ್ಲ ಕಣೇ," ಎಂದೆ, ಚಪ್ಪಲಿ ಹುಡುಕುತ್ತ. "ನೆಟ್ ಚೆನ್ನಾಗೇ ಇದೆ."